ಪಾಪಾತಿಯ ಬೆರಳುಗಳು

ಹುಣ್ಣಾಗಿದೆಯೆಂದು ಕೊಯಮತ್ತೂರಿನ ಡಾಕ್ಟರು ಪಾಪಾತಿಯ ಜಠರದ ಮುಕ್ಕಾಲು ಭಾಗವನ್ನು ಕೊಯ್ದು ತೆಗೆದು ನಾಲ್ಕು ವರ್ಷವಾಗಿತ್ತು. ಹೊಟ್ಟೆನೋವು ಹೋಗಿತ್ತು. ಆದರೆ ೧೯೮೪ರಲ್ಲಿ ಅವಳ ಬೆರಳುಗಳು ಜೋಮು ಹಿಡಿದವು, ನಾಲಿಗೆ ಕೆಂಪಗೆ ಉರಿಯತೊಡಗಿತು. ಕರುಮತ್ತಂಪಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಕಡಿದ ಎಳೆಗೆ ಗಂಟು ಹಾಕಲೂ ಅವಳಿಂದ ಆಗದೆ, ಮಾಲೀಕ ರಾಮಸಾಮಿ ಅವಳನ್ನು ಮಗ್ಗದಿಂದ ಬಿಡಿಸಿ ಕಸ ಗುಡಿಸಲು ಹಾಕಿದ. ಅತ್ತೆ ಯಾರದೋ ಕಣ್ಣು ಬಿದ್ದಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕಿದರು.

ಪಾಪಾತಿ ಗಂಡ ಚೆನ್ನಿಯಪ್ಪನನ್ನು ಹೊರಡಿಸಿಕೊಂಡು ಅದೇ ಡಾಕ್ಟರ ಬಳಿ ಹೋದಳು. ರಕ್ತ ಪರೀಕ್ಷೆ ನೋಡಿ ಅವರು ಹೇಳಿದರು: "ಉಳಿದ ಹೊಟ್ಟೆಗೆ ಊಟದಲ್ಲಿರೋ ಬಿ-೧೨ ವಿಟಮಿನ್ ಹಿಡಿಯೋ ಶಕ್ತಿ ಇಲ್ಲಮ್ಮ. ಅದಕ್ಕೇ ನರ ಸೊರಗಿದೆ. ಮೊದಲು ದಿನ ಬಿಟ್ಟು ದಿನ ಇಂಜೆಕ್ಷನ್, ಆಮೇಲೆ ತಿಂಗಳಿಗೊಂದು. ಕಬ್ಬಿಣದ ಮಾತ್ರೆಯೂ ಬೇಕು. ನಿಲ್ಲಿಸೋ ಹಾಗಿಲ್ಲ."

"ಸಾಯೋವರೆಗೂ ಸೂಜಿನಾ?" ಚೆನ್ನಿಯಪ್ಪ ಬೆಚ್ಚಿದ.

"ಬದುಕಿರೋವರೆಗೂ ಅನ್ನಿ," ಎಂದು ಪಾಪಾತಿ ತೋಳು ಮುಂದೆ ಚಾಚಿದಳು.

ಒಂದು ಸರದಿಯನ್ನೂ ಅವಳು ತಪ್ಪಿಸಲಿಲ್ಲ. ಐದನೆಯ ತಿಂಗಳು, ಗುಡಿಸುತ್ತಿದ್ದಾಗ ಪಕ್ಕದ ಮಗ್ಗದಲ್ಲಿ ಎಳೆ ಕಡಿಯಿತು. ಪೊರಕೆ ಬಿಸಾಕಿ ಎರಡು ತುದಿ ಹಿಡಿದಳು. ಕೂದಲಿನಷ್ಟು ಸಣ್ಣ ನೂಲು ಬೆರಳಿಗೆ ಸ್ಪಷ್ಟವಾಗಿ ತಾಗಿತು! ಗಂಟು ಬಿದ್ದು ಮಗ್ಗ ಮತ್ತೆ ಗಡಗಡ ಓಡಿದಾಗ ಅವಳಿಗೆ ನಗೆಯೂ ಅಳುವೂ ಒಟ್ಟಿಗೇ ಬಂದವು.

ನೋಡುತ್ತಿದ್ದ ರಾಮಸಾಮಿ ಕೇಳಿದ, "ನಾಳೆಯಿಂದ ಎರಡು ಮಗ್ಗ ನೋಡ್ಕೋತೀಯಾಮ್ಮ?"

"ನಾಲ್ಕು ಕೊಡಿ ಅಣ್ಣಾ," ಎಂದಳು ಪಾಪಾತಿ. "ತಿಂಗಳಿಗೊಂದು ಮಧ್ಯಾಹ್ನ ಮಾತ್ರ ನನಗೆ ಲೀವು ಬೇಕು. ಅದನ್ನ ಯಾರಿಗೂ ಬಿಟ್ಟುಕೊಡಲ್ಲ."