ಒಂಟಿಗಾಲಿನ ಮೇಲೆ ನಿಂತ ಚಕ್ರ

ಬೇಸಿಗೆ ರಜೆಯ ಕಡೇ ಭಾನುವಾರ, ಸಂಜೆ ಐದರ ಹೊತ್ತು. ಬಿಸಿಲು ಇನ್ನೂ ಟಿಕೆಟ್ ಮನೆಯ ಗೋಡೆ ಬಿಟ್ಟಿರಲಿಲ್ಲ. ಥೀಮ್ ಪಾರ್ಕಿನ ಬಾಗಿಲಲ್ಲಿ ಬಂದವರ ಬ್ಯಾಗು ನೋಡಿ ಒಳಗೆ ಬಿಡುವ ಹೆಂಗಸು, ಅಲ್ಲಿ ಎಲ್ಲರ ಬಾಯಲ್ಲೂ ಬ್ಯಾಗಕ್ಕ, ಒಂದು ಉದ್ದನೆ ಚೀಲದ ಜಿಪ್ ಎಳೆದು ಕೈ ಹಾಕಿದಳು. ತಣ್ಣಗೆ ಕೈಗೆ ಸಿಕ್ಕಿದ್ದು ಲೋಹದ ಕಾಲು. ಒಂದು, ಎರಡು, ಮೂರು.

"ಟ್ರೈಪಾಡ್ ಒಳಗೆ ಬಿಡಲ್ಲಮ್ಮ. ಟೋಕನ್ ಕೊಡ್ತೀನಿ, ಹೋಗುವಾಗ ತಗೊಂಡು ಹೋಗು," ಎಂದಳು ತಲೆ ಎತ್ತದೆ.

"ಅತ್ತೆ, ನಾನು! ಗುರುತು ಸಿಗ್ಲಿಲ್ವಾ?"

ತಲೆ ಎತ್ತಿದರೆ ಚಕ್ರದಣ್ಣನ ಮಗಳು. ತೊಟ್ಟಿಲುಗಳ ದೊಡ್ಡ ಚಕ್ರ ತಿರುಗಿಸುವ ಚಕ್ರದಣ್ಣ ಬ್ಯಾಗಕ್ಕನನ್ನು ಇಪ್ಪತ್ತು ವರ್ಷದಿಂದ ತಂಗಿ ಅಂತಲೇ ಕರೆದವನು. ಆ ಲೆಕ್ಕದಲ್ಲಿ ಇವಳಿಗೆ ಅತ್ತೆ. ಬೇರೆ ಊರಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದ ಮಗಳು ಅಪ್ಪನನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಅಂದು ಚಕ್ರದಣ್ಣನ ಕೆಲಸದ ಕಡೇ ದಿನ.

"ಗುರುತು ಸಿಕ್ತು. ಆದ್ರೂ ಇದು ಒಳಗೆ ಹೋಗಲ್ಲ."

ಮಗಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು. ಇಪ್ಪತ್ತಾರು ವರ್ಷ ಅಪ್ಪ ಆ ಚಕ್ರದ ಬುಡದಲ್ಲೇ ನಿಂತಿದ್ದಾನೆ. ದೀಪ ಹತ್ತಿ ತಿರುಗುವಾಗ ಅದು ದೂರಕ್ಕೆ ಹೇಗೆ ಕಾಣುತ್ತೆ ಅಂತ ಒಂದು ದಿನವೂ ನೋಡಿಲ್ಲ. ಸೋಮವಾರ ರಜೆ, ಅವತ್ತು ಚಕ್ರವೂ ತಿರುಗಲ್ಲ, ದೀಪವೂ ಹತ್ತಲ್ಲ. ಮಿಕ್ಕ ಆರು ದಿನ ಆ ಹೊತ್ತಿಗೆ ಅವನ ಕೈ ಹಿಡಿಕೆಯ ಮೇಲೆ.

"ಇವತ್ತೊಂದು ಸಂಜೆ ಬೇರೆ ಯಾರಾದ್ರೂ ನಿಲ್ಲಲಿ, ನೀನು ಆಚೆ ಬಂದು ನೋಡಪ್ಪ ಅಂದೆ. ಏನಂದ ಗೊತ್ತಾ? ಬೇರೆಯವರು ತಿರುಗಿಸಿದ್ರೆ ಅದು ಅವರ ಚಕ್ರ ಆಯ್ತಲ್ಲ ಮಗಳೇ, ನನ್ನದು ನೋಡಿದ ಹಾಗೆ ಹೇಗಾಗುತ್ತೆ ಅಂದ."

"ಹಾಗೇ ಅನ್ನೋನು ಅವನು," ಎಂದು ಬ್ಯಾಗಕ್ಕ ನಕ್ಕಳು.

"ಅದಕ್ಕೇ ಫೋಟೊ. ಕ್ಯಾಮೆರಾ ಅರ್ಧ ನಿಮಿಷ ಕಣ್ಣು ತೆರೆದು ಕೂರ್ಬೇಕು. ಆಗ ದೀಪಗಳೆಲ್ಲ ಒಂದಕ್ಕೊಂದು ಕೂಡಿ ಪೂರ್ತಿ ಬಳೆ ಆಗುತ್ತೆ. ಕೈಯಲ್ಲಿ ಹಿಡಿದ್ರೆ ಆಗಲ್ಲ ಅತ್ತೆ. ಕಾಲು ಬೇಕು."

ಬ್ಯಾಗಕ್ಕನ ಕೈ ಚೀಲದ ಮೇಲೆಯೇ ಇತ್ತು. ನಾಲ್ಕು ವರ್ಷದ ಹಿಂದೆ ಹೀಗೇ ಒಬ್ಬ ಕೇಳಿಕೊಂಡಿದ್ದ, ಇವಳು ಹೋಗಲಿ ಪಾಪ ಅಂತ ಬಿಟ್ಟಿದ್ದಳು. ಜನದ ನಡುವೆ ಅವನು ಮೂರು ಕಾಲು ಚಾಚಿ ನಿಲ್ಲಿಸಿದ. ಮೊಮ್ಮಗಳ ಕೈ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬಳು ಅದಕ್ಕೆ ಎಡವಿ ಬಿದ್ದು ಸೊಂಟ ಮುರಿದುಕೊಂಡಳು. ಆ ಅಜ್ಜಿ ಕಿರುಚಲಿಲ್ಲ, "ಅಯ್ಯೋ ಮಗು" ಅಂದಳು ಅಷ್ಟೆ. ಆ ಸ್ವರ ಇವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

"ಮೂರು ಕಾಲು ಆಗಲ್ಲ. ಒಂಟಿಗಾಲಿನ ಸ್ಟ್ಯಾಂಡ್ ಇದ್ರೆ ತಗೊಂಡು ಹೋಗು. ಅದನ್ನ ಕೈ ಬಿಡದೆ ಹಿಡ್ಕೊಂಡಿರ್ಬೇಕು, ಹಾಗಾಗಿ ಬಿಡ್ತಾರೆ. ತನ್ನಷ್ಟಕ್ಕೆ ತಾನೇ ನಿಲ್ಲೋದು ಮಾತ್ರ ಬೇಡ."

"ಎಲ್ಲರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರೆ. ನೀವು ಒಂದೇ ಅಂತೀರಲ್ಲ ಅತ್ತೆ!"

"ಅಂತೀನಿ. ಟೋಕನ್ ತಗೋ."

ಮಗಳು ಮುಖ ಸಣ್ಣದು ಮಾಡಿಕೊಂಡು ಟೋಕನ್ ತೆಗೆದುಕೊಂಡಳು. ಚೀಲದಲ್ಲಿ ಒಂಟಿಗಾಲೂ ಇತ್ತು, ಊರುಗೋಲಿನಂಥದ್ದು. ಅದನ್ನು ಹಿಡಿದು ಒಳಗೆ ಹೋದಳು.

ಆರೂವರೆಗೆ ಬ್ಯಾಗಕ್ಕನ ಪಾಳಿ ಮುಗಿಯಿತು. ಬೇರೆ ದಿನ ಆಗಿದ್ದರೆ ನೆಟ್ಟಗೆ ಮನೆ. ಅಂದು ಕಾಲು ಒಳಗೆ ಎಳೆಯಿತು. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅಷ್ಟರಲ್ಲಿ ಚಕ್ರಕ್ಕೆ ದೀಪ ಬಂತು. ಆಕಾಶ ಇನ್ನೂ ನೀಲಿ. ಕಂಬಿ ಬೇಲಿಯ ಹತ್ತಿರ ಮಗಳು ಒಂಟಿಗಾಲನ್ನು ಎರಡು ಪಾದದ ನಡುವೆ ಊರಿ ನಿಂತಿದ್ದಳು.

"ಆಯ್ತಾ?"

"ನೋಡಿ ಇಲ್ಲಿ." ಕ್ಯಾಮೆರಾದ ಹಿಂದಿನ ಪರದೆಯಲ್ಲಿ ದೀಪಗಳು ಎರೆಹುಳದ ಹಾಗೆ ಹೊರಳಾಡಿದ್ದವು. "ಉಸಿರು ಬಿಗಿ ಹಿಡಿದೆ. ಎದೆ ಬಡಿತ ನಿಲ್ಲಿಸೋಕಾಗುತ್ತಾ?"

ಸರಿ, ಬೇಲಿಗೆ ಒರಗಿಸಿಕೊಂಡು ಇನ್ನೊಮ್ಮೆ ಹಿಡಿದಳು. ಈ ಸಲ ಬೇರೆ ಗ್ರಹಚಾರ. ಬೇಲಿಯ ಹತ್ತಿರ ಯಾರಾದರೂ ಕ್ಯಾಮೆರಾ ಎತ್ತಿದರೆ ಚಕ್ರದಣ್ಣ ಚಕ್ರವನ್ನು ನಿಧಾನ ಮಾಡಿ ನಿಲ್ಲಿಸುವವನು. ಮೇಲೆ ಕೂತ ಮಕ್ಕಳದು ಮರಿಗಳದು ಒಂದು ಒಳ್ಳೆ ಫೋಟೊ ಬರಲಿ ಅಂತ. ಯಾರೂ ಹೇಳಿಕೊಟ್ಟದ್ದಲ್ಲ, ಇಪ್ಪತ್ತಾರು ವರ್ಷದಿಂದ ಕೈಗೆ ಅಂಟಿದ ಅಭ್ಯಾಸ. ಮೊದಲ ಸಲ ಜನದ ಮರೆಯಲ್ಲಿದ್ದ ಮಗಳು ಈಗ ಕ್ಯಾಮೆರಾ ಎತ್ತಿದ್ದು ಕಂಡಿತು, ಕೈ ಹಿಡಿಕೆ ಎಳೆಯಿತು, ಚಕ್ರ ನಿಂತಿತು. ನಿಲ್ಲಿಸಿ, ಅವನು ಈ ಕಡೆ ನೋಡಿ ನಕ್ಕ ಬೇರೆ.

"ಅಪ್ಪಾ, ನಿಲ್ಲಿಸ್ಬೇಡ!" ಅಂತ ಇವಳು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

"ಅವನಿಗೆ ಕಾಣದ ಹಾಗೆ ತೆಗೀಬೇಕು ಕಣೆ," ಎಂದಳು ಬ್ಯಾಗಕ್ಕ. ಆಕಾಶ ನೋಡಿದಳು. ನೀಲಿ ಕಪ್ಪಾಗುತ್ತ ಬಂದಿತ್ತು. "ಇನ್ನೆಷ್ಟು ಹೊತ್ತಿದೆ?"

"ಹತ್ತು ನಿಮಿಷ. ಆಮೇಲೆ ಬರೀ ಕತ್ತಲು, ಅಪ್ಪ ಕಾಣಲ್ಲ."

ಪಾಪ್‌ಕಾರ್ನ್ ಗಾಡಿಯ ಹಿಂದೆ ಒಂದು ಕಬ್ಬಿಣದ ಕಂಬ ಇತ್ತು. ಬ್ಯಾಗಕ್ಕ ಅವಳ ಕೈ ಹಿಡಿದು ಅಲ್ಲಿಗೆ ನಡೆದಳು. ಒಂಟಿಗಾಲನ್ನು ಕಂಬಕ್ಕೆ ಒತ್ತಿ ನಿಲ್ಲಿಸಿದಳು. ನೆಲದ ಮೇಲೆ ಕಂಬ ಹಿಡಿದ ಜಾಗಕ್ಕಿಂತ ಒಂದು ಬೆರಳೂ ಹೆಚ್ಚು ಹಿಡಿಯಲಿಲ್ಲ. ಎಡವುವವರು ಮೊದಲು ಕಂಬಕ್ಕೇ ಎಡವಬೇಕು. ಅವಳು ಯೂನಿಫಾರ್ಮಿನ ಬೆಲ್ಟ್ ಬಿಚ್ಚಿದಳು, ಕ್ಯಾಮೆರಾ ಚೀಲದ ಪಟ್ಟಿ ಬಿಚ್ಚಿಸಿದಳು. ಮೇಲೊಂದು ಕೆಳಗೊಂದು ಬಿಗಿದು ಕಟ್ಟಿದಳು.

"ಯಾಕಕ್ಕ, ಕಂಬ ಓಡಿಹೋಗುತ್ತೆ ಅಂತ ಕಟ್ಟಿಹಾಕ್ತಿದೀಯಾ?" ಎಂದ ಪಾಪ್‌ಕಾರ್ನಿನವನು.

"ನಿನ್ನ ಬಾಯಿಗೂ ಒಂದು ಬೆಲ್ಟ್ ಮಿಕ್ಕಿದ್ರೆ ಚೆನ್ನಾಗಿತ್ತು. ಗಾಡಿ ಅಲ್ಲಾಡಿಸ್ಬೇಡ, ಸುಮ್ನಿರು."

ಮಗಳು ಗುಂಡಿ ಒತ್ತುವ ಮೊದಲು ಹೇಳಿದಳು, "ಅತ್ತೆ, ಈಗ ಇದನ್ನ ಯಾರೂ ಮುಟ್ಟಬಾರದು. ಕೈ ಬಿಡ್ಬೇಕು."

ಕೈ ಬಿಡಬಾರದು ಅಂತ ನಾಲ್ಕು ವರ್ಷದಿಂದ ಸಾವಿರ ಜನಕ್ಕೆ ಹೇಳಿದವಳು ಬ್ಯಾಗಕ್ಕ. ಈಗ ಜನ ಬರುವ ಕಡೆಗೆ ಬೆನ್ನು ಕೊಟ್ಟು, ತಾನೇ ಬೇಲಿಯಾಗಿ, ಎರಡೂ ಕೈಯನ್ನು ಆ ಕಾಲಿನ ಸುತ್ತ ತಂದಳು. ಮುಟ್ಟದ ಹಾಗೆ, ಬಿಡದ ಹಾಗೆ. ದೀಪ ಗಾಳಿಗೆ ಆರದಿರಲಿ ಅಂತ ಕೈ ಮರೆ ಮಾಡ್ತಾರಲ್ಲ, ಹಾಗೆ.

"ಒತ್ತು."

ಅರ್ಧ ನಿಮಿಷ ಅಂದರೆ ಎಷ್ಟು ಉದ್ದ ಅಂತ ಅವಳಿಗೆ ಅವತ್ತು ತಿಳಿಯಿತು. ಬೆನ್ನಿಗೆ ಒಂದು ಮಗು ಢಿಕ್ಕಿ ಹೊಡೆಯಿತು, ಅವಳು ಅಲುಗಲಿಲ್ಲ. ಯಾರದೋ ಭುಜ ತಗುಲಿತು, ಅಲುಗಲಿಲ್ಲ. ಕಿಟ್ ಅಂತ ಸದ್ದಾಯಿತು.

ಮಗಳು ನೋಡಿದಳು. ಕ್ಯಾಮೆರಾ ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು.

ನೀಲಿ ಆಕಾಶದಲ್ಲಿ ಬೆಳಕಿನ ಬಳೆ. ತೊಟ್ಟಿಲಿಲ್ಲ, ಸರಳಿಲ್ಲ, ಎಲ್ಲೂ ಬೆಸುಗೆ ಇಲ್ಲ. ಇಪ್ಪತ್ತು ವರ್ಷ ದಿನಾ ಕಂಡ ಚಕ್ರ ಅದಲ್ಲ. ಅದರ ಒಳಗೆ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಇನ್ನೇನೋ. ಬ್ಯಾಗಕ್ಕನ ಕಣ್ಣು ಕೆಳಗಿಳಿಯಿತು. ಅಲ್ಲಿ ಅವಳಿಗೆ ಭಯವೇ ಆಯಿತು.

"ಜನ ಎಲ್ಲೇ? ಅಷ್ಟೊಂದು ಜನ?"

ಇಡೀ ಬಯಲು ಖಾಲಿ. ಅಲ್ಲಲ್ಲಿ ಹೊಗೆಯಂಥದ್ದು ಒಂದಿಷ್ಟು, ಅಷ್ಟೆ. ಚಕ್ರದ ಬುಡದಲ್ಲಿ ಒಬ್ಬನೇ ಒಬ್ಬ ಮನುಷ್ಯ, ಹಿಡಿಕೆಯ ಮೇಲೆ ಕೈ, ತೊಟ್ಟಿಲುಗಳ ಮೇಲೆ ಕಣ್ಣು. ಅಂಗಿಯ ಗುಂಡಿ ಎಣಿಸಬಹುದು, ಅಷ್ಟು ಸ್ಪಷ್ಟ.

"ನಡೆದಾಡಿದವರು ಇದರಲ್ಲಿ ಉಳಿಯಲ್ಲ ಅತ್ತೆ. ಅರ್ಧ ನಿಮಿಷ ಅಲುಗದೆ ನಿಂತವನು ಅಪ್ಪ ಒಬ್ಬನೇ."

ಯಾರೂ ಅವನಿಗೆ ನಿಲ್ಲು ಅಂದಿರಲಿಲ್ಲ. ಅವನು ಯಾವತ್ತೂ ನಿಲ್ಲುವುದೇ ಹಾಗೆ, ನೀರಲ್ಲಿ ಕೊಕ್ಕರೆ ನಿಂತ ಹಾಗೆ.

ಎಂಟು ಗಂಟೆಗೆ ಕಡೇ ತೊಟ್ಟಿಲಿನಿಂದ ಕಡೇ ಮಗುವನ್ನು ಇಳಿಸಿ, ಸರಪಳಿ ಹಾಕಿ, ಚಕ್ರದಣ್ಣ ಬೆಂಚಿಗೆ ಬಂದ. ಕನ್ನಡಕ ಒರೆಸಿಕೊಂಡು ಫೋಟೊ ನೋಡಿದ. ಬಹಳ ಹೊತ್ತು ನೋಡಿದ. ಇವನು ಅಳುತ್ತಾನೆ ಅಂತ ಬ್ಯಾಗಕ್ಕ ಮುಖ ಆಚೆ ತಿರುಗಿಸಿಕೊಂಡಳು.

"ತಂಗಿ," ಎಂದ. "ಆರನೇ ತೊಟ್ಟಿಲ ದೀಪ ಮೊನ್ನೆಯಿಂದ ಹೋಗಿದೆ. ಇದರಲ್ಲಿ ಎಲ್ಲಿದೆ ಹೇಳು?"

"ಎಲ್ಲೂ ಕಾಣಲ್ಲಣ್ಣ."

"ಅದೇ ನೋಡು! ಉಳಿದವು ಅದರ ಜಾಗಕ್ಕೂ ಹೋಗಿ ಬೆಳಕು ತುಂಬಿವೆ." ಬಳೆಯ ಮೇಲೆ ಬೆರಳನ್ನು ಮುಟ್ಟಿಸದೆ ಒಂದು ಸುತ್ತು ತಂದ. "ನಾನು ತಿರುಗಿಸ್ತಿದ್ದದ್ದು ಇದನ್ನಾ?"

"ಇದನ್ನೇ ಅಪ್ಪ."

"ಇಷ್ಟು ದೊಡ್ಡದನ್ನಾ?" ಎಂದ, ಇನ್ನೊಂದು ಸುತ್ತು ತಂದ.

ಸೋಮವಾರ ರಜೆ. ಮಂಗಳವಾರ ಬೆಳಿಗ್ಗೆ, ಪಾರ್ಕಿನ ಬಾಗಿಲು ತೆರೆದು ಬೇರೆಯವರು ಚಕ್ರ ತಿರುಗಿಸುವ ಮೊದಲೇ, ಚಕ್ರದಣ್ಣ ಮಗಳ ಜೊತೆ ಹೊರಟುಹೋದ.