ಗಿರಣಿ ನಡೆದರೆ ಟೀವಿ

ಬೆಳಿಗ್ಗೆ ಎಂಟೂ ಹತ್ತಕ್ಕೆ ಮೂರು ಫೇಸ್ ಕರೆಂಟು ಬಂತು. ಚಂದ್ರಾಮಪ್ಪನ ಹಿಟ್ಟಿನ ಗಿರಣಿ ಸುರುವಾಗಲಿಲ್ಲ.

1995ರ ಎಳ್ಳಮಾವಾಸ್ಯೆಗೆ ಮೂರೇ ದಿನ ಉಳಿದಿತ್ತು. ಜೇವರ್ಗಿಯ ಆ ಓಣಿಯಲ್ಲಿ ಹಬ್ಬದ ದಿನ ಹೊಲಕ್ಕೆ ಬುತ್ತಿ ಒಯ್ಯದ ಮನೆಯಿಲ್ಲ. ಸಜ್ಜಿ, ಜೋಳ ತುಂಬಿದ ಏಳು ಬುಟ್ಟಿಗಳು ಗಿರಣಿಯ ಕಟ್ಟೆಯ ಮೇಲೆ ಪಾಳಿ ಹಚ್ಚಿ ಕೂತಿದ್ದವು. ಒಳಕೋಣೆಯಿಂದ ವಿಡಿಯೋ ಗೇಮಿನ ಟುಂಯ್ ಟುಂಯ್ ಸದ್ದು.

ಎದುರು ಮನೆಯ ಸಾಬವ್ವ ತನ್ನ ಬುಟ್ಟಿ ತಲೆಗೇರಿಸಿದಳು.

"ಶಿವಕಾಂತಾ, ನಿನ್ನ ಗಂಡ ಟೀವ್ಯಾಗಿನ ರಾಕ್ಷಸರನ್ನೆಲ್ಲ ಕೊಂದು ಮುಗ್ಸೂದ್ರಾಗ ಅಮಾಸಿ ಹೋಗಿರ್ತದ. ನಾ ಬಸ್ ಸ್ಟ್ಯಾಂಡ್ ಕಡಿ ಗಿರಣಿಗೆ ಹೊಂಟೆ ನೋಡವಾ."

ಅವಳ ಹಿಂದೆ ಇನ್ನೂ ಮೂರು ಬುಟ್ಟಿ ಹೋದವು. ಹಬ್ಬಕ್ಕೆ ಬೇರೆ ಗಿರಣಿಯ ಹಿಟ್ಟು ಹಿಡಿಸಿತೆಂದರೆ ಆ ಗಿರಾಕಿ ವರ್ಷವಿಡೀ ತಿರುಗಿ ಬರುವುದಿಲ್ಲ. ಶಿವಕಾಂತಾ ಒಳಗೆ ಹೋದಳು.

"ಏನ್ರಿ, ಮಂದಿ ಹೊಂಟ್ರು."

"ಐದು ಮಿನಿಟ್ ತಡಿ ಬೇ. ಇನ್ನೊಂದು ಜೀವ ಉಳದದ."

ಗೇಮು ದಸರೆಗೆ ಮಗಳಿಗೆಂದು ಗುಲ್ಬರ್ಗಾದಿಂದ ತಂದದ್ದು. ಮಗಳು ಎಂಟು ದಿನಕ್ಕೆ ಬೇಸತ್ತು ಬಿಟ್ಟಳು. ಅಪ್ಪ ಬಿಡಲಿಲ್ಲ. ಶಿವಕಾಂತಾ ಗೇಮಿನ ಕ್ಯಾಸೆಟ್ಟನ್ನು ಕಾಳಿನ ಡಬ್ಬಿಯಲ್ಲಿ ಬಚ್ಚಿಟ್ಟರೆ ಇನ್ನೊಂದು ಕೊಂಡು ತಂದ.

ಮಧ್ಯಾಹ್ನ ಅವನು ಪೇಟೆಗೆ ಹೋದಾಗ ಅವಳು ಮೋಟರು ರಿಪೇರಿಯ ಜಹೀರುದ್ದೀನನನ್ನು ಕರೆಸಿದಳು.

"ಟೀವಿ ಪ್ಲಗ್ಗಿನ ವಾಯರ್ ಸ್ಟಾರ್ಟರ್ ದಾಟಿದ ಮ್ಯಾಲ ಜೋಡಸ್ರಿ ಭಾಯಿ. ಮೋಟರ್ ತಿರುಗಿದ್ರಷ್ಟೇ ಟೀವಿ ಹತ್ಬೇಕು."

ಜಹೀರುದ್ದೀನ ಕಿವಿಯ ಹಿಂದಿನ ಟೆಸ್ಟರು ತೆಗೆದ. "ಇಪ್ಪತ್ತು ವರ್ಷದಾಗ ಇಂಥಾ ಕನೆಕ್ಷನ್ ಯಾರೂ ಕೇಳಿಲ್ಲಕ್ಕಾ. ಅಂವ ಬಿಚ್ಚಿದ್ರ?"

"ಫ್ಯೂಜಿಗೆ ಕೈ ಹಚ್ಚಾಕ ಅಂಜ್ತಾರ. ಬಿಚ್ಚೂ ಮಾತೇ ಇಲ್ಲ."

ಮರುದಿನವೂ ಕರೆಂಟು ಎಂಟೂ ಹತ್ತಕ್ಕೇ ಬಂತು. ಕೋಣೆಯ ಫ್ಯಾನು ತಿರುಗಿತು, ಟೀವಿ ಹತ್ತಲಿಲ್ಲ. ಚಂದ್ರಾಮಪ್ಪ ಅದರ ನೆತ್ತಿಗೆ ಎರಡು ಸಲ ಬಡಿದ.

"ಗಿರಣಿ ಸುರು ಮಾಡ್ರಿ, ಅದೂ ಹತ್ತತದ," ಅಡುಗೆಮನೆಯಿಂದ ಶಿವಕಾಂತಾ ಅಂದಳು.

"ಚಾಷ್ಟಿ ಮಾಡ್ತಿ ಏನು?"

ಅಂದರೂ ಹೋಗಿ ಹಸಿರು ಗುಂಡಿ ಒತ್ತಿದ. ಮೋಟರು ಗುಂಯ್‌ಗುಟ್ಟಿತು, ಬೆಲ್ಟು ತಿರುಗಿತು, ಒಳಗೆ ಟೀವಿ ಬೆಳಗಿತು. ಅವನು ಹಿಗ್ಗಿ ಓಡಿಬಂದು ಕೂತ.

ಖಾಲಿ ಕಲ್ಲಿಗೆ ಕಲ್ಲು ಉಜ್ಜಿ ಕಿರುಗುಟ್ಟತೊಡಗಿತು. ಕಾಳಿಲ್ಲದೆ ಗಿರಣಿ ಓಡಿಸಿದರೆ ಕಲ್ಲು ಹಾಳು. ಅದು ಅವನಿಗೆ ಯಾರಾದರೂ ಹೇಳಿಕೊಡಬೇಕಾದ ಮಾತಲ್ಲ. ಎರಡು ನಿಮಿಷ ಹಲ್ಲು ಕಚ್ಚಿ ಕೂತ. ಅಷ್ಟರಲ್ಲಿ ಗಿರಣಿಯ ಸದ್ದು ಓಣಿಯ ತುದಿ ಮುಟ್ಟಿತ್ತು. ಬುಟ್ಟಿಗಳು ಬಂದೇಬಿಟ್ಟವು. ಮುಂದೆ ಸಾಬವ್ವ, ಬಸ್ ಸ್ಟ್ಯಾಂಡಿನ ಗಿರಣಿಯ ಪಾಳಿ ಅವಳಿಗೆ ನಿನ್ನೆ ಸಂಜೆಯಾದರೂ ಸಿಕ್ಕಿರಲಿಲ್ಲ.

"ಏ ಚಂದ್ರಾಮಪ್ಪ, ಖಾಲಿ ಕಲ್ಲು ತಿರುವಿ ಯಾರ ಹಲ್ಲು ಬೀಸಾಕತ್ತಿಯೋ? ಸಜ್ಜಿ ಹಾಕು!"

ಹೆಂಗಸರು ಗೊಳ್ಳೆಂದರು. ಚಂದ್ರಾಮಪ್ಪ ಹೊರಗೆ ಬಂದ. ಸ್ಟಾರ್ಟರಿನಿಂದ ಕೋಣೆಗೆ ಹೋದ ಹೊಸ ವಾಯರನ್ನು ಕಣ್ಣಲ್ಲೇ ಅಳೆದ, ಆಮೇಲೆ ಹೆಂಡತಿಯನ್ನು.

"ಇದು ನೀನೇ ಮಾಡಿಸಿದ್ದೇನು?"

"ಹೂನ್ರಿ. ಬುಟ್ಟಿ ಎತ್ರಿ, ಮಂದಿ ನಿಂತಾರ."

ಅವನು ಸಾಬವ್ವನ ಬುಟ್ಟಿ ಎತ್ತಿ ಸುರಿದ. ಕಿರುಗುಟ್ಟುವ ಸದ್ದು ನಿಂತಿತು. ಬಿಸಿ ಹಿಟ್ಟಿನ ವಾಸನೆ ಓಣಿಗೆ ಹರಡಿತು.

ಹನ್ನೆರಡಕ್ಕೆ ಕರೆಂಟು ಹೋದಾಗ ಇಪ್ಪತ್ತಾರು ಬುಟ್ಟಿ ಬೀಸಿ ಮುಗಿದಿದ್ದವು. ಒಳಗೆ, ಆಗಿನಿಂದ ಯಾರೂ ಮುಟ್ಟದ ಗೇಮಿನ ಗುಂಡಿಗಳ ಮೇಲೆ ತೆಳ್ಳಗೆ ಹಿಟ್ಟು ಕೂತಿತ್ತು. ಸಂಜೆಯ ಪಾಳಿಗೆ ಸಾಬವ್ವ ಜೋಳದ ಬುಟ್ಟಿಯನ್ನೂ ತಂದಿಟ್ಟು ಹೋದಳು.