ಎಂಜಲು ಸೂಜಿ

ಆವತಿಯ ಸಪ್ಪಲಮ್ಮ ಪರೀಕ್ಷೆಗೆ ರಕ್ತ ಕೊಡಲು ಹೆದರಿ, ದೇವನಹಳ್ಳಿಯ ಆಸ್ಪತ್ರೆಯ ತನಕ ಹೋಗಿ ಎರಡು ಸಲ ಹಾಗೇ ವಾಪಸ್ಸು ಬಂದಿದ್ದಳು. ತಿಂಗಳಿಂದ ತಲೆಸುತ್ತು, ಕಳೆ ಕೀಳಲು ಬಗ್ಗಿದರೆ ಕಣ್ಣು ಕತ್ತಲೆ. ರಕ್ತ ನೋಡದೆ ಔಷಧಿ ಬರೆಯುವುದಿಲ್ಲವೆಂದು ಡಾಕ್ಟರು ಹಟ ಹಿಡಿದು ಕೂತಿದ್ದರು. ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಇನ್ನೊಬ್ಬರಿಗೆ ಏಡ್ಸ್ ಅಂಟುತ್ತದೆಂದು ರೇಡಿಯೋದಲ್ಲಿ ಕೇಳಿದಂದಿನಿಂದ ಅವಳಿಗೆ ಸೂಜಿ ಕಂಡರೆ ಎದೆ ಡವಡವ.

"ಐದು ಹೆತ್ತೋಳು ಸೂಜಿಗೆ ಹೆದರ್ತೀಯಲ್ಲೇ," ಎಂದು ಗಂಡ ಲಕ್ಷ್ಮಯ್ಯ ಊರೆಲ್ಲ ಸಾರಿದ್ದ. ಮೂರನೆಯ ಸಲ ಅವಳು ಓಡಿಹೋಗದಂತೆ ಕಾಯಲು ತಾನೇ ಬಂದ. ಹೇಗೂ ಬಂದೆನಲ್ಲ, ತನಗೂ ಸಕ್ಕರೆ ಕಾಯಿಲೆ ಇದೆಯೇನೋ ನೋಡಿಸಿಕೊಳ್ಳುತ್ತೇನೆ ಎಂದ. ಗಂಡಸು, ಅವನಿಗೇನು ಭಯ!

ರಕ್ತ ಪರೀಕ್ಷೆಯ ಕೋಣೆಯ ಬೆಂಚು ತುಂಬಿತ್ತು. ರಕ್ತ ತೆಗೆಯುವ ಆದಿನಾರಾಯಣಪ್ಪ ಗಾಜಿನ ಸಿರಿಂಜಿನಲ್ಲಿ ಒಬ್ಬ ಮುದುಕನ ರಕ್ತ ಎಳೆದು ಸೀಸೆಗೆ ಬಿಟ್ಟ. ಸೂಜಿಯನ್ನು ಬಿಸಿನೀರಿನ ಡಬ್ಬಿಯಲ್ಲಿ ಅದ್ದಿ ಕೊಡವಿದ. "ಮುಂದಿನೋರು ಬನ್ನಿ," ಎಂದ. ಮುಂದಿನವಳು ಸಪ್ಪಲಮ್ಮ.

ಅವಳು ಎದ್ದು ಹಿಂದೆ ತಿರುಗಿದಳು. ಬಾಗಿಲು ನಾಲ್ಕೇ ಹೆಜ್ಜೆ. ಆದರೆ ಆ ಡಬ್ಬಿಯ ನೀರು ಕಣ್ಣಿಗೆ ಬಿತ್ತಲ್ಲ! ಅದು ಕುದಿಯುತ್ತಿರಲಿಲ್ಲ, ತುಸು ಕೆಂಪಗೂ ಇತ್ತು. ರುಚಿ ನೋಡಿದ ಸೌಟನ್ನು ಮತ್ತೆ ಸಾರಿಗೆ ಅದ್ದಿದ್ದಕ್ಕೆ ಸ್ವಂತ ನಾದಿನಿಯ ಜೊತೆ ಮೂರು ತಿಂಗಳು ಮಾತು ಬಿಟ್ಟ ಹೆಂಗಸು ಅವಳು. ಭಯವಿದ್ದ ಜಾಗಕ್ಕೆ ಸಿಟ್ಟು ಬಂತು.

"ಎಂಜಲು ಸೂಜಿ ನಂಗೆ ಬ್ಯಾಡ ಕಣಪ್ಪ."

ಆದಿನಾರಾಯಣಪ್ಪ ನಕ್ಕ. "ಸೂಜಿಗೆಂಥ ಎಂಜಲಮ್ಮ? ಅದಕ್ಕೇನು ಬಾಯಿ ಐತಾ?"

"ಬಾಯಿ ಇಲ್ದೇನೇ ಆ ತಾತನ ರಕ್ತ ಕುಡೀತಾ?"

ಬೆಂಚಿನಲ್ಲಿ ಕೂತವರೆಲ್ಲ ಡಬ್ಬಿಯತ್ತ ಬಗ್ಗಿ ನೋಡಿದರು. ರೇಡಿಯೋದವರು ವರ್ಷಗಟ್ಟಲೆ ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳದ ಜನಕ್ಕೆ ಈ ಮಾತು ನೆಟ್ಟಗೆ ನಾಟಿತು. ಎಂಜಲು ಅಂದರೆ ಯಾರಿಗೆ ತಿಳಿಯದು? ಕೂಸನ್ನು ಎತ್ತಿಕೊಂಡಿದ್ದ ಪಾಪಕ್ಕ ಅದರ ತೋಳಿಗೆ ಸೆರಗು ಮುಚ್ಚಿ, "ನನ್ ಮಗೀಗೂ ಬ್ಯಾಡ," ಎಂದಳು. ಮಡಿಚಿದ್ದ ಅಂಗಿ ತೋಳುಗಳೆಲ್ಲ ಒಂದೊಂದಾಗಿ ಕೆಳಗಿಳಿದವು.

"ಸಿರಿಂಜಿನ ಸಮೇತ ಹೊಸ ಸೂಜಿ ಬೀರುವಲ್ಲಿವೆ," ಆದಿನಾರಾಯಣಪ್ಪ ತೊದಲಿದ. "ಅವು ಕೇಳಿದೋರಿಗೆ ಮಾತ್ರ."

"ಕೇಳ್ತಾ ಇದೀವಲ್ಲ!" ಇಡೀ ಬೆಂಚು ಎದ್ದು ನಿಂತಿತು.

ಬೀರು ತೆರೆಯಿತು. "ನನ್ ಕಣ್ಮುಂದೇನೇ ಹರಿ," ಎಂದಳು ಸಪ್ಪಲಮ್ಮ. ಪೊಟ್ಟಣ ಚರ್ರೆಂದು ಹರಿಯಿತು. ಅವಳು ತೋಳು ಚಾಚಿದಳು. ನೋಯಲಿಲ್ಲ ಅಂದರೆ ಸುಳ್ಳಾದೀತು, ಚುರ್ ಅಂತು. ಆದರೆ ಅವಳು ಕಣ್ಣು ಮುಚ್ಚಲಿಲ್ಲ. ರಕ್ತ ತೆಗೆದ ಮೇಲೆ, "ಈಗ ಇದು ನನ್ ಎಂಜಲು. ಮುರಿದು ಹಾಕು," ಎಂದಳು. ಆತ ಮುರಿದು ಹಾಕಿದ. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

"ಮುಂದಿನೋರು?"

ಲಕ್ಷ್ಮಯ್ಯ ಇರಲಿಲ್ಲ. ಎದುರಿನ ಟೀ ಅಂಗಡಿಯ ಕಂಬದ ಹಿಂದೆ ಸಿಕ್ಕಿದ. ಸಪ್ಪಲಮ್ಮ ಕೈ ಹಿಡಿದು ಕರೆತಂದು ಕೂರಿಸಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡವನು ಅವನು.

ವಾರ ಬಿಟ್ಟು ರಿಪೋರ್ಟಿಗೆ ಹೋದರು. ಅವನಿಗೆ ಸಕ್ಕರೆ ಇಲ್ಲ, ಅವಳಿಗೆ ರಕ್ತ ಕಮ್ಮಿ, ಮಾತ್ರೆ ನುಂಗಿದರೆ ಸಾಕು. ಬಾಗಿಲ ಮೇಲೆ ಹೊಸ ಬೋರ್ಡು ತೂಗುತ್ತಿತ್ತು. ಓದು ಬಾರದ ಸಪ್ಪಲಮ್ಮ ಗಂಡನ ಮುಖ ನೋಡಿದಳು.

"ಇಲ್ಲಿ... ಎಂಜಲು ಸೂಜಿ... ಬಳಸುವುದಿಲ್ಲ," ಎಂದು ಅವನು ಗೊಣಗಿದ.

"ಜೋರಾಗಿ ಓದಿ," ಎಂದಳು. "ನನ್ ಹೆದರಿಕೆ ಸಾರಿದಷ್ಟೇ ಜೋರಾಗಿ ಇದನ್ನೂ ಊರಲ್ಲಿ ಸಾರ್ಬೇಕು ನೀವು."